ಗುಳೆ ಹೋಗುವ ಸೀಮೆಯವರು ನಿರಾಶ್ರಿತರ ಬಗ್ಗೆ ಏನಂತೀರಿ?

ಬೀದರ್ ಹುಡುಗ: 2015ರಲ್ಲಿ ಆಶ್ರಯ ಕೇಳಿ ಸುಮಾರು 8.9 ಲಕ್ಷ ಜನ ಜರ್ಮನಿಗೆ ಬಂದರು. 'ನಮ್ಮಿಂದ ಆಗುತ್ತದೆ' ಅಂದರು ಆಗಿನ ಚಾನ್ಸಲರ್ ಮರ್ಕೆಲ್. 2025ರ ಚುನಾವಣೆಯಲ್ಲಿ ನೋಡಿದರೆ ವಲಸೆ ವಿರೋಧಿ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ಒಳಗೆ ಬಿಟ್ಟದ್ದೇ ತಪ್ಪು ಅಲ್ವಾ?

ಜೇವರ್ಗಿ ಕಾಕಾ: ತಮ್ಮಾ, ಅಷ್ಟು ದೂರ ಯಾಕೆ? ಸಿಂಧನೂರಿಗೆ ಹೋಗಿ ನೋಡು. ಪೂರ್ವ ಬಂಗಾಳದಿಂದ ಬಂದವರ ಕ್ಯಾಂಪುಗಳಿವೆ. ಜಮೀನು ಕೊಟ್ಟರು, ಭತ್ತ ಬೆಳೆದರು. ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು ಮೆಕ್ಕೆಜೋಳ ಬಿತ್ತಿದರು.

ಬೀದರ್ ಹುಡುಗ: ಅದು ಸಾವಿರದ ಲೆಕ್ಕ ಕಾಕಾ, ಇದು ಲಕ್ಷದ್ದು. ಈಗ ಭೂಮಿ ಎಲ್ಲಿದೆ? ನಮ್ಮ ಹುಡುಗರಿಗೇ ಕೆಲಸ ಇಲ್ಲ.

ತೊಗರಿ ಕಣಜ: ಜರ್ಮನಿಯವರು ಸುಮ್ನೆ ಬಾಗಿಲು ತೆಗೆದು ಕೂತಿಲ್ಲ. ಬಂದವರನ್ನು ರಾಜ್ಯಗಳಿಗೆ ಹಂಚಲು ಸೂತ್ರ ಇದೆ. ಮೂರರಲ್ಲಿ ಎರಡು ಪಾಲು ತೆರಿಗೆ ಆದಾಯಕ್ಕೆ, ಒಂದು ಪಾಲು ಜನಸಂಖ್ಯೆಗೆ. ಭಾಷೆ ಕಲಿಸಲು 600 ತಾಸಿನ ಪಾಠ. ಎಡವಿದ್ದು ಬಾಡಿಗೆ ಮನೆ ವಿಷಯದಲ್ಲಿ. ಊರಿನವರಿಗೇ ಮನೆ ಸಿಗದಿದ್ದರೆ ಸಿಟ್ಟು ಬಂದೇ ಬರುತ್ತದೆ. ನಮ್ಮಲ್ಲಿ ನಿರಾಶ್ರಿತರಿಗೆಂದು ಕಾಯ್ದೆಯೇ ಇಲ್ಲ. ನಿರಾಶ್ರಿತರ ಕುರಿತ ವಿಶ್ವಸಂಸ್ಥೆಯ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಟಿಬೆಟಿನವರಿಗೆ ಒಂದು ರೀತಿ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾಗಳಿಗೆ ಇನ್ನೊಂದು.

ಶಹಾಪುರದ ಅಕ್ಕ: ಕಾಯ್ದೆ ನನಗೆ ತಿಳಿಯದು. ನಾವು ಮೂರು ವರ್ಷ ಬೆಂಗಳೂರಿಗೆ ಗುಳೆ ಹೋಗಿದ್ದೆವು, ಕಟ್ಟಡ ಕೆಲಸಕ್ಕೆ. ತಗಡಿನ ಶೆಡ್ಡು, ಮೂರು ಕಲ್ಲಿನ ಒಲೆ. ಬೆಳಗ್ಗೆ ಐದಕ್ಕೆ ರೊಟ್ಟಿ ಬಡಿದರೆ ಪಕ್ಕದ ಬಿಲ್ಡಿಂಗಿನ ಮೇಲಿಂದ ಬೈಗಳು. ಅಂಗಡಿಯವನು ನನ್ನ ಮಾತು ಕೇಳಿ 'ತೆಲುಗಾ?' ಅಂದ. ಕನ್ನಡವೇ ಅಣ್ಣ, ಶಹಾಪುರದ್ದು ಅಂದೆ. ನಕ್ಕ. ಮಗಳು ಶಾಲೆ ಬಿಟ್ಟಳು, ಮತ್ತೆ ಸೇರಲೇ ಇಲ್ಲ. ಅಲ್ಲಿ ನಾವು ಗಿಲಾವು ಮಾಡಿದ ಮನೆ ಈಗಲೂ ಹಾಗೇ ಇದೆ ನೋಡಿ.

ಬೀದರ್ ಹುಡುಗ: ಬೇಜಾರಾಯ್ತು ಅಕ್ಕ. ಆದರೆ ನೀವು ನಮ್ಮದೇ ದೇಶದವರು. ಹೋಲಿಕೆ ಸರಿಯಲ್ಲ.

ಶಹಾಪುರದ ಅಕ್ಕ: ಬೈಯುವವರು ಅದನ್ನೆಲ್ಲ ಕೇಳಿರಲಿಲ್ಲ ತಮ್ಮಾ.

ಜೇವರ್ಗಿ ಕಾಕಾ: ಉಗಾಂಡ ನಮಗಿಂತ ಬಡ ದೇಶ. ಅಲ್ಲಿ 2006ರ ಕಾಯ್ದೆಯಲ್ಲೇ ನಿರಾಶ್ರಿತರಿಗೆ ದುಡಿಯುವ ಹಕ್ಕಿದೆ. ಹಳ್ಳಿ ಕಡೆ ತುಂಡು ಹೊಲವನ್ನೂ ಕೊಡುತ್ತಾರೆ. ಜನ ಜಾಸ್ತಿ ಆದಂತೆ ತುಂಡು ಚಿಕ್ಕದಾಗುತ್ತಿದೆ, ಅದೂ ನಿಜ.

ಬೀದರ್ ಹುಡುಗ: ಅದನ್ನೇ ನಾನು ಹೇಳುತ್ತಿರುವುದು! ದುಡಿಯಲು ಬಿಡಲಿ, ಒಪ್ಪಿದೆ. ಎಷ್ಟು ಜನ, ಯಾವ ಊರಿಗೆ ಅಂತ ಮೊದಲೇ ಹೇಳಲಿ. ಕಾಕಾ, ಕಲಬುರಗಿಯಿಂದ ಸಿಂಧನೂರಿಗೆ ನೇರ ಬಸ್ಸು ಇದೆಯಾ?