ಜಾತ್ರೆಗೆ ತಪ್ಪಿದ ಸಿಟ್ಟಿಂಗ್ ಕೊನೆಯಲ್ಲಿ ಸೇರಿಸಿಕೊಂಡರೆ ಆಗುತ್ತದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪನಿಗೆ 61 ವರ್ಷ, ಗಂಟಲ ಕ್ಯಾನ್ಸರ್. ಆಪರೇಶನ್ ಬೇಡ, 35 ಸಿಟ್ಟಿಂಗ್ ಕರೆಂಟು (ರೇಡಿಯೇಶನ್), ಜೊತೆಗೆ ವಾರಕ್ಕೊಂದು ಕೀಮೋ ಅಂದಿದ್ದಾರೆ. 22 ಮುಗಿದಿವೆ. ಮಷಿನ್ ಕೆಟ್ಟು ಎರಡು ದಿನ ಹೋಯಿತು, ಆಮೇಲೆ ಊರ ಜಾತ್ರೆ ಅಂತ ಅಪ್ಪನೇ ಎರಡು ದಿನ ಬರಲಿಲ್ಲ. ಈಗ ಬಾಯಿ ತುಂಬಾ ಹುಣ್ಣು, ರಾಗಿ ಗಂಜಿ ಕೊಟ್ಟರೂ ಅರ್ಧ ಲೋಟ ಹಾಗೇ ಉಳಿಯುತ್ತದೆ. "ಒಂದು ವಾರ ಬಿಟ್ಟು ಹೋಗೋಣ, ಲೆಕ್ಕಕ್ಕೆ 35 ಆದರೆ ಸಾಕಲ್ವಾ" ಅನ್ನುತ್ತಾರೆ. ಇಲ್ಲಾಂದ್ರೆ ಒಂದೇ ಸಲಕ್ಕೆ ಎರಡರಷ್ಟು ಕೊಟ್ಟು ಬೇಗ ಮುಗಿಸಬಹುದಾ?

ಡಾಕ್ಟರ್: ವಾರ ಬಿಡಬೇಡಿ, ನಾಳೆಯೇ ಕರೆದುಕೊಂಡು ಹೋಗಿ. 35 ಅನ್ನೋದು ಅರ್ಧ ಲೆಕ್ಕ, ಅದು 7 ವಾರದಲ್ಲಿ ಮುಗಿಯಬೇಕು ಅನ್ನೋದು ಇನ್ನರ್ಧ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ಗ್ರೇ ಅಂದರೆ ರೇಡಿಯೇಶನ್ ಡೋಸ್ ಅಳೆಯೋ ಲೆಕ್ಕ), ವಾರಕ್ಕೆ ಐದು ದಿನ, ಒಟ್ಟು 70 ಗ್ರೇ. ಮೊದಲ ಮೂರ್ನಾಲ್ಕು ವಾರ ಗಡ್ಡೆ ಪೆಟ್ಟು ತಿಂದು ಸುಮ್ನಿರುತ್ತದೆ, ಆಮೇಲೆ ಸಾಯದೆ ಉಳಿದ ಕೋಶಗಳು ಕೊಯ್ದ ಹುಲ್ಲು ಚಿಗುರಿದ ಹಾಗೆ ದಬದಬ ಬೆಳೆಯುತ್ತವೆ. ಆ ಹೊತ್ತಿನಲ್ಲಿ ಒಂದು ದಿನ ತಡವಾದರೆ ಸುಮಾರು 0.6 ಗ್ರೇ ಆ ಬೆಳವಣಿಗೆ ಹತ್ತಿಕ್ಕೋದಕ್ಕೇ ಖರ್ಚು. ಐದು ದಿನ ಅಂದರೆ 3 ಗ್ರೇ, ಒಂದೂವರೆ ಸಿಟ್ಟಿಂಗ್ ನೀರಲ್ಲಿ ಹೋಮ. ಬಾಯಿ ಹುಣ್ಣು ಜಾಸ್ತಿಯಾಗೋದೂ ಇದೇ ವಾರಗಳಲ್ಲಿ, ಹಾಳಾದ್ದು! ಸಾಕಪ್ಪಾ ಅನಿಸುವ ಹೊತ್ತಿನಲ್ಲೇ ಬಿಡಬಾರದು.

ಒಂದೇ ಸಲಕ್ಕೆ 4 ಗ್ರೇ ಮಾತ್ರ ಬೇಡ. ಗಡ್ಡೆಗಿಂತ ದವಡೆ ಮೂಳೆ, ನರ, ಬೆನ್ನುಹುರಿ ಇವಕ್ಕೇ ಪೆಟ್ಟು ಜಾಸ್ತಿ, ಅದೂ ಎಷ್ಟೋ ತಿಂಗಳ ಮೇಲೆ ಗೊತ್ತಾಗುತ್ತದೆ. ತಪ್ಪಿದ ನಾಲ್ಕು ದಿನ ತುಂಬಿಸೋಕೆ ಶನಿವಾರ ಕೊಡಬಹುದು, ಇಲ್ಲವೇ ಒಂದೇ ದಿನ ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಕನಿಷ್ಠ 6 ಗಂಟೆ ಬಿಟ್ಟು. ಆ ಬಿಡುವಿನಲ್ಲೇ ಒಳ್ಳೆ ಕೋಶಗಳು ರಿಪೇರಿ ಮಾಡಿಕೊಳ್ಳೋದು. ಡೆನ್ಮಾರ್ಕ್‌ನಲ್ಲಿ ಒಟ್ಟು ಡೋಸ್ ಬದಲಿಸದೆ ವಾರಕ್ಕೆ 5ರ ಬದಲು 6 ಸಿಟ್ಟಿಂಗ್ ಕೊಟ್ಟು ನೋಡಿದ್ದರು, 2003ರಲ್ಲಿ ಬಂದ ಫಲಿತಾಂಶ ನೋಡಿ: ಐದು ವರ್ಷದ ಹೊತ್ತಿಗೆ ತಲೆ-ಕತ್ತಿನ ಭಾಗದಲ್ಲಿ ಕಾಯಿಲೆ ಹತೋಟಿಯಲ್ಲಿದ್ದದ್ದು ಶೇಕಡಾ 60ರಿಂದ 70ಕ್ಕೆ ಏರಿತ್ತು. ಬರೀ ಒಂದು ವಾರ ಮುಂಚೆ ಮುಗಿಸಿದ್ದಕ್ಕೆ! ನಿಮ್ಮ ಡಾಕ್ಟರನ್ನು "ಗ್ಯಾಪ್ ಹೇಗೆ ತುಂಬಿಸುತ್ತೀರಿ" ಅಂತ ನೇರವಾಗಿ ಕೇಳಿ.

ಇನ್ನೊಬ್ಬರು: ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್, 15ಕ್ಕೇ ಮುಗಿಸಿದರು. ದುಡ್ಡಿಲ್ಲ ಅಂತ ಕಡಿಮೆ ಕೊಟ್ಟರಾ ಸರ್?

ಡಾಕ್ಟರ್: ಅಯ್ಯೋ ಇಲ್ಲ. ಅದು 15 ದಿನಕ್ಕೆ 40 ಗ್ರೇ ಇರಬೇಕು. ದಿನದ ಡೋಸ್ ಸ್ವಲ್ಪ ದೊಡ್ಡದು, ದಿನ ಕಡಿಮೆ. ಹಳೆಯ 25 ಸಿಟ್ಟಿಂಗ್‌ಗೆ ಏನೂ ಕಮ್ಮಿಯಿಲ್ಲ ಅಂತ ಬ್ರಿಟನ್ನಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಒಂದೊಂದು ಕ್ಯಾನ್ಸರ್‌ಗೆ ಒಂದೊಂದು ಲೆಕ್ಕ.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ, ನಾಳೆ ಹೊರಡುತ್ತೇವೆ. ಅಪ್ಪ ಸೊರಗಿ, ಕರೆಂಟು ಕೊಡುವಾಗ ತಲೆ ಅಲುಗದಂತೆ ಹಾಕುವ ಮಾಸ್ಕ್ ಲೂಸಾಗಿದೆ ಅಂದರು. ಊಟ ಕೊಡೋಕೆ ಮೂಗಿಗೆ ಟ್ಯೂಬ್ ಅಂದರೆ ಅಪ್ಪ ಸಿಟ್ಟು ಮಾಡುತ್ತಾರೆ.

ಡಾಕ್ಟರ್: ಮಾಸ್ಕ್ ಲೂಸಾದರೆ ಗುರಿ ತಪ್ಪುತ್ತದೆ, ಹೊಸದು ಮಾಡಿ ಮತ್ತೆ ಸ್ಕ್ಯಾನ್ ತೆಗೆಯಬೇಕಾಗಬಹುದು. ಟ್ಯೂಬ್ ವಿಷಯ ನೀವು ಹೇಳಬೇಡಿ. ಅಲ್ಲೇ ಬೆಂಚಿನ ಮೇಲೆ ಟ್ಯೂಬ್ ಹಾಕಿಸಿಕೊಂಡು ಕೂತವರು ಯಾರಾದರೂ ಇರುತ್ತಾರೆ, ಅವರ ಪಕ್ಕ ಅಪ್ಪನನ್ನು ಕೂರಿಸಿ ನೀವು ಕಾಫಿಗೆ ಹೋಗಿ.