ನಾಟಕದ ವಿಡಿಯೋ ಎಡಿಟಿಂಗ್‌ಗೆ ಹಳೇ ಡೆಸ್ಕ್‌ಟಾಪೋ, ಹೊಸ ಲ್ಯಾಪ್‌ಟಾಪೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ನಾಟಕಗಳನ್ನು ಶೂಟ್ ಮಾಡಿ ಎಡಿಟ್ ಮಾಡಿಕೊಡುತ್ತೇನೆ. ಎರಡು ಕ್ಯಾಮೆರಾ ಇಡುತ್ತೇನೆ. ಒಂದು ಇಡೀ ರಂಗಕ್ಕೆ, ಇನ್ನೊಂದು ಮುಖಗಳಿಗೆ. ಎರಡೂ 4ಕೆ, ನಾಟಕ ಒಂದೂವರೆ ಗಂಟೆ. ಈಗ ಇರುವುದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಪ್ಲೇ ಒತ್ತಿದರೆ ನಟ ಬಾಯಿ ತೆರೆದುಕೊಂಡು ನಿಂತುಬಿಡುತ್ತಾನೆ, ಮಾತು ಮಾತ್ರ ಮುಂದೆ ಓಡುತ್ತದೆ.

ಪರಿಚಯದವರೊಬ್ಬರು ಡೆಸ್ಕ್‌ಟಾಪ್ ಮಾರುತ್ತಿದ್ದಾರೆ. ಇಂಟೆಲ್ ಐ7-9700 ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 2060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್. ಅದರ ಎರಡರಷ್ಟು ದುಡ್ಡಿಗೆ ಹೊಸ ಲ್ಯಾಪ್‌ಟಾಪ್ ಬರುತ್ತದೆ. 13ನೇ ಜನರೇಷನ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮನೆಯಲ್ಲೇ ಕೂತು ಕೆಲಸ, ಹೊತ್ತುಕೊಂಡು ತಿರುಗುವುದಿಲ್ಲ. ಯಾವುದು ತಗೊಳ್ಳಲಿ?

ಉತ್ತರ 1

ಹೊಸದು ತಗೊಳ್ಳಿ, ಸುಮ್ನೆ ತಲೆನೋವು ಬೇಡ. ವಾರಂಟಿ ಇರುತ್ತದೆ. ಹಳೇದು ಕೆಟ್ಟರೆ ಪರಿಚಯವೂ ಕೆಡುತ್ತದೆ.

ಉತ್ತರ 2

ಪರಿಚಯ ಕೆಡುವ ಮಾತು ನಿಜ! ಆದರೆ ನನ್ನ ಪ್ರಶ್ನೆ ಬೇರೆ. ನಿಮ್ಮ ಕ್ಯಾಮೆರಾ ಎಂಥ ಫೈಲ್ ಬರೆಯುತ್ತದೆ? ಅದು ಗೊತ್ತಾಗದೆ ಹೊಸದು, ಹಳೇದು ಅಂತ ಜಗಳ ಆಡಿ ಏನೂ ಪ್ರಯೋಜನ ಇಲ್ಲ.

ಮೀಡಿಯಾಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಎರಡೂ ಕ್ಯಾಮೆರಾದ ಒಂದೊಂದು ಫೈಲ್ ಅದರಲ್ಲಿ ತೆರೆಯಿರಿ. ವಿಡಿಯೋ ಕುಗ್ಗಿಸಿದ ವಿಧಾನ ಎವಿಸಿ (ಅಂದರೆ ಎಚ್.264) ಅಥವಾ ಎಚ್‌ಇವಿಸಿ (ಅಂದರೆ ಎಚ್.265) ಅಂತ ಇರುತ್ತದೆ, ಜೊತೆಗೆ ಬಣ್ಣದ ಛಾಯೆಗಳು ಎಷ್ಟು ಸೂಕ್ಷ್ಮ ಅಂತ ಹೇಳುವ 8 ಬಿಟ್ ಅಥವಾ 10 ಬಿಟ್, ಆಮೇಲೆ 4:2:0 ಅಥವಾ 4:2:2. ಕೊನೆಯ ಈ 4:2:0, 4:2:2 ಅನ್ನುವುದು ಬಣ್ಣದ ವಿವರ ಎಷ್ಟು ಉಳಿದಿದೆ ಅಂತ ಹೇಳುತ್ತದೆ. 4:2:2ರಲ್ಲಿ 4:2:0ಗಿಂತ ಎರಡರಷ್ಟು ಬಣ್ಣದ ಮಾಹಿತಿ ಇದೆ. ಎಲ್ಲ ಚಿಪ್‌ಗೂ ಅದನ್ನು ಸಲೀಸಾಗಿ ಬಿಚ್ಚುವುದು (ಡಿಕೋಡ್ ಮಾಡುವುದು) ಬರುವುದಿಲ್ಲ.

ನಿಮ್ಮದು ಎಚ್.265, 10 ಬಿಟ್, 4:2:2 ಆಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಆ ಡೆಸ್ಕ್‌ಟಾಪ್‌ನ ಐ7ಗೂ ಅದು ಬರುವುದಿಲ್ಲ, 2060ಗೂ ಬರುವುದಿಲ್ಲ. ಎನ್‌ವಿಡಿಯಾ ಗೇಮಿಂಗ್ ಕಾರ್ಡ್‌ಗಳಿಗೆ ಅದು ಬಂದಿದ್ದೇ 2025ರ 50 ಸರಣಿಯಿಂದ. ಇಂಟೆಲ್‌ನ 11ನೇ ಜನರೇಷನ್‌ನಿಂದ ಈಚೆಗೆ ಒಳಗಿನ ಗ್ರಾಫಿಕ್ಸ್‌ಗೇ ಬರುತ್ತದೆ. ಅಂದರೆ ಕಾಗದದ ಮೇಲೆ ಸಪ್ಪೆಯಾಗಿ ಕಾಣುವ ಆ ಐ5 ಲ್ಯಾಪ್‌ಟಾಪ್ ನಿಮ್ಮ ಫೈಲನ್ನು ಸಲೀಸಾಗಿ ಓಡಿಸಬಹುದು, ಬಲಶಾಲಿ ಡೆಸ್ಕ್‌ಟಾಪ್ ಏದುಸಿರು ಬಿಡಬಹುದು. 4:2:0 ಆಗಿದ್ದರೆ ಕಥೆ ಉಲ್ಟಾ, ಡೆಸ್ಕ್‌ಟಾಪೇ ವಾಸಿ. ಕಲರ್ ಕರೆಕ್ಷನ್ನು, ಎಫೆಕ್ಟು, ಎಕ್ಸ್‌ಪೋರ್ಟು ಎಲ್ಲದಕ್ಕೂ ಬೇರೆ ಕಾರ್ಡ್ ಇದ್ದರೆ ಆರಾಮ.

ಜಾಗದ ವಿಷಯ ಒಂದು ಮರೆಯಬೇಡಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ. ನಿಮ್ಮ ಎರಡು ಕ್ಯಾಮೆರಾ, ಒಂದೂವರೆ ಗಂಟೆಗೆ 135 ಜಿಬಿ. ಆ 512ರಲ್ಲಿ ಮೂರನೇ ನಾಟಕಕ್ಕೆ ಉಸಿರು ಕಟ್ಟುತ್ತದೆ.

ಪ್ರಶ್ನೆ ಕೇಳಿದವರು

ನೋಡಿದೆ. ಮುಖದ ಕ್ಯಾಮೆರಾ ನೀವು ಹೆದರಿಸಿದ್ದೇ: ಎಚ್.265, 10 ಬಿಟ್, 4:2:2. ರಂಗದ್ದು 8 ಬಿಟ್, 4:2:0. ಈಗೇನು, ಲ್ಯಾಪ್‌ಟಾಪ್ ಅಂತೀರಾ?

ಉತ್ತರ 3

ನಡುವೆ ಬಾಯಿ ಹಾಕುತ್ತೇನೆ. ಪ್ರಾಕ್ಸಿ, ಅಂದರೆ ಎಡಿಟ್ ಮಾಡಲು ಮಾತ್ರ ಬಳಸುವ ಹಗುರ ನಕಲು ಮಾಡಿಕೊಳ್ಳಿ. ರಾತ್ರಿ ಮಲಗುವಾಗ ಹಾಕಿಬಿಟ್ಟರೆ ಬೆಳಿಗ್ಗೆ ಚಿಕ್ಕ ಫೈಲ್‌ಗಳು ಸಿದ್ಧ. ಎಡಿಟ್ ಅದರ ಮೇಲೆ, ಎಕ್ಸ್‌ಪೋರ್ಟ್ ಮಾತ್ರ ಅಸಲಿಯಿಂದ. ನನ್ನ ಹತ್ತನೇ ಜನರೇಷನ್ ಮೆಷಿನ್‌ನಲ್ಲಿ ಇವತ್ತಿಗೂ ಹೀಗೇ ನಡೆಯುತ್ತಿದೆ. ಒಂದು ಕ್ಯಾಮೆರಾದ ಫೈಲಿಗೋಸ್ಕರ ಕಂಪ್ಯೂಟರೇ ಬದಲಿಸುವುದು ಜಾಸ್ತಿ ಆಯಿತು, ಅಲ್ವಾ?

ಉತ್ತರ 2

ಹೌದು, ಒಪ್ಪಿದೆ. ಇನ್ನೊಂದು ದಾರಿಯೂ ಇದೆ. ಕ್ಯಾಮೆರಾ ಮೆನುವಿನಲ್ಲಿ 4:2:0 ಇದೆಯಾ ನೋಡಿ. ಹಸಿರು ಪರದೆ ಹಾಕಿ ಹಿನ್ನೆಲೆ ಬದಲಿಸುವವರಿಗೆ 4:2:2 ಬೇಕು. ರಂಗದ ಬೆಳಕಲ್ಲಿ ನಿಂತ ಮುಖಕ್ಕೆ 10 ಬಿಟ್ ಇದ್ದರೆ ನನಗೆ ಸಾಕಾಗಿದೆ, 4:2:0 ಆದರೂ ವ್ಯತ್ಯಾಸ ಕಂಡಿಲ್ಲ.

ನಾನಾದರೆ ಡೆಸ್ಕ್‌ಟಾಪ್ ಕಡೆ ವಾಲುತ್ತೇನೆ, ಆದರೆ ಪರೀಕ್ಷೆ ಮಾಡದೆ ಅಲ್ಲ. ಒಮ್ಮೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ಕೈ ಸುಟ್ಟುಕೊಂಡಿದ್ದೇನೆ. ಮಾರುವವರ ಮನೆಯಲ್ಲಿ ಹತ್ತು ನಿಮಿಷ ಓಡಿಸಿದೆ, ಚಿನ್ನದ ಹಾಗಿತ್ತು. ಮನೆಗೆ ತಂದು ನಲವತ್ತು ನಿಮಿಷದ ಎಕ್ಸ್‌ಪೋರ್ಟ್ ಹಾಕಿದೆ. ಕಾಲು ಗಂಟೆಗೆ ಬಿಸಿಯಾಗಿ ತಾನಾಗಿ ವೇಗ ಇಳಿಸಿಕೊಂಡಿತು, ಮುಗಿಯಲು ಎರಡು ಗಂಟೆ ಹಿಡಿಯಿತು. ಹತ್ತು ನಿಮಿಷದಲ್ಲಿ ಯಾವ ಕಂಪ್ಯೂಟರೂ ತನ್ನ ನಿಜ ಬಣ್ಣ ತೋರಿಸುವುದಿಲ್ಲ.

ಹಾಗಾಗಿ ನಿಮ್ಮದೇ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಪ್ರೀಮಿಯರ್‌ನಲ್ಲಿ ಪ್ಲೇ ಮಾಡುತ್ತಾ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದಲ್ಲಿ ವಿಡಿಯೋ ಡಿಕೋಡ್ ಗೆರೆ ನೋಡಿ. ಗೆರೆ ಏಳುತ್ತಿದ್ದರೆ ಕಾರ್ಡ್ ಕೆಲಸ ಮಾಡುತ್ತಿದೆ. ಗೆರೆ ಮಲಗಿದ್ದು ಸಿಪಿಯು 100ಕ್ಕೆ ಹತ್ತಿದ್ದರೆ ಅರ್ಥವಾಯಿತಲ್ಲ, ಆ ಫೈಲ್ ಕಾರ್ಡ್‌ಗೆ ಬರುವುದಿಲ್ಲ. ಆಮೇಲೆ ಅರ್ಧ ಗಂಟೆ ಎಕ್ಸ್‌ಪೋರ್ಟ್ ಹಾಕಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ಶಾಖ ನೋಡುತ್ತಾ ಕೂತಿರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿಯ ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ ನೋಡಿ. ಕಾರ್ಡ್ ಕ್ರಿಪ್ಟೋ ಕಾಯಿನ್ ಮೈನಿಂಗ್‌ನಲ್ಲಿ ಹಗಲಿರುಳು ದುಡಿದಿದೆಯಾ ಅಂತ ನೇರವಾಗಿ ಕೇಳಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ವಿಂಡೋಸ್ 11ಕ್ಕೆ ಚಿಂತೆ ಬೇಡ, ಇಂಟೆಲ್ 8ನೇ ಜನರೇಷನ್‌ನಿಂದ ಮೇಲೆ ನಡೆಯುತ್ತದೆ.

ಉತ್ತರ 1

ಇಷ್ಟೆಲ್ಲ ಪರೀಕ್ಷೆ ಮಾಡೋ ತಾಳ್ಮೆ ನನಗಿಲ್ಲ, ಅದಕ್ಕೇ ಹೊಸದು ಅಂದಿದ್ದು.

ಪ್ರಶ್ನೆ ಕೇಳಿದವರು

ಹೋಗಿ ಬಂದೆ. ರಂಗದ ಫೈಲ್ ಹಾಕಿದರೆ ಡಿಕೋಡ್ ಗೆರೆ ಎದ್ದಿತು, ಬೆಣ್ಣೆಯ ಹಾಗೆ ಓಡಿತು. ಮುಖದ ಫೈಲ್‌ಗೆ ಗೆರೆ ಮಲಗಿತ್ತು, ನೀವು ಹೇಳಿದ ಹಾಗೇ ತಡವರಿಸಿತು. ಕ್ಯಾಮೆರಾ ಮೆನುವಿನಲ್ಲಿ 10 ಬಿಟ್ 4:2:0 ಸಿಕ್ಕಿತು. ಇಷ್ಟು ದಿನ ಯಾಕೆ 4:2:2 ಇಟ್ಟಿದ್ದೆ ಅಂತ ಕೇಳಬೇಡಿ. ದೊಡ್ಡ ಅಂಕಿ ಕಂಡಿತು, ಆರಿಸಿದೆ.

ಎಕ್ಸ್‌ಪೋರ್ಟ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಸಿಪಿಯು 95 ಡಿಗ್ರಿ ಮುಟ್ಟಿತು. ಬೇಡ ಅಂತ ಏಳುವವನಿದ್ದೆ. ಅವರೇ ಕ್ಯಾಬಿನೆಟ್ ಬಿಚ್ಚಿದರು. ಫ್ಯಾನ್ ತುಂಬ ಬೆಕ್ಕಿನ ಕೂದಲು! ತೆಗೆದು, ಸಿಪಿಯು ಶಾಖ ಹೊರಹಾಕುವ ಹೊಸ ಪೇಸ್ಟ್ ಹಚ್ಚಿ ಮತ್ತೆ ಓಡಿಸಿದೆವು, 74ಕ್ಕೆ ನಿಂತಿತು. ತಗೊಂಡೆ. ಉಳಿದ ದುಡ್ಡಲ್ಲಿ 2 ಟಿಬಿ ಎಸ್‌ಎಸ್‌ಡಿ ಹಾಕಿಸುತ್ತೇನೆ. ಹಳೇ ನಾಟಕದ ಪ್ರಾಕ್ಸಿ ಈಗಲೇ ಓಡುತ್ತಿದೆ.