ಐವತ್ತರ ಹೊಸ್ತಿಲಲ್ಲಿ ಶೀರ್ಷಾಸನ: ಮಾಡುವವರು, ಬಿಟ್ಟವರು ಏನೆನ್ನುತ್ತಾರೆ?

ಪ್ರಶ್ನೆ: ಹುಬ್ಬಳ್ಳಿಯಿಂದ, ಬ್ಯಾಂಕ್ ಉದ್ಯೋಗಿ, ವಯಸ್ಸು 48

ಮನೆ ಹತ್ತಿರದ ಉದ್ಯಾನದಲ್ಲಿ ಬೆಳಗಿನ ಯೋಗ ತರಗತಿಗೆ ಹೋಗುತ್ತೇನೆ. ಸೂರ್ಯನಮಸ್ಕಾರದವರೆಗೆ ತೊಂದರೆಯಿಲ್ಲ. ಈಗ ಎಲ್ಲರಿಗೂ ಶೀರ್ಷಾಸನ ಕಲಿಸುತ್ತಿದ್ದಾರೆ. "ಹೆದರಬೇಡಿ, ಗೋಡೆಯ ಕಡೆಗೆ ಕಾಲು ಚಿಮ್ಮಿಸಿ, ಉಳಿದದ್ದು ತಾನಾಗಿ ಬರುತ್ತದೆ" ಎನ್ನುತ್ತಾರೆ ಗುರುಗಳು. ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಕನ್ನಡಕ ಮೈನಸ್ ಏಳು. ಕೂದಲು ಉದುರುವುದು ನಿಲ್ಲುತ್ತದೆ, ಥೈರಾಯ್ಡ್ ಹತೋಟಿಗೆ ಬರುತ್ತದೆ ಎಂದು ಜೊತೆಯವರು ಆಸೆ ಹುಟ್ಟಿಸುತ್ತಿದ್ದಾರೆ. ಮಾಡಿ ಅನುಭವ ಇರುವವರು ತಿಳಿಸಿ.

ಮೈಸೂರಿನಿಂದ, ಯೋಗ ಕಲಿಸುವವರು

ಮೇಡಂ, ಮೊದಲು ಆ ಚಿಮ್ಮುವುದನ್ನು ಬಿಡಿ. ಕಾಲು ಎಸೆದಾಗ ಇಡೀ ದೇಹದ ಭಾರ ಒಮ್ಮೆಲೇ ಕತ್ತಿನ ಮೇಲೆ ಬೀಳುತ್ತದೆ, ಅದೂ ನೇರವಾಗಿ ಅಲ್ಲ, ಓರೆಯಾಗಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಚೆನ್ನಾಗಿ ಪಳಗಿದವರನ್ನೇ ನಿಲ್ಲಿಸಿ ಅಳೆದಾಗ, ಮೈತೂಕದ ಶೇಕಡಾ 40ರಿಂದ 48ರಷ್ಟು ಭಾರ ತಲೆಯ ಮೇಲೆ ಬೀಳುತ್ತಿತ್ತು. "ಸರಿಯಾಗಿ ಮಾಡಿದರೆ ತಲೆಯ ಮೇಲೆ ಭಾರವೇ ಇರುವುದಿಲ್ಲ" ಎಂದು ನಮ್ಮಂಥ ಶಿಕ್ಷಕರು ಹೇಳುವ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನಾನು ಕಲಿಸುವ ಕ್ರಮ ಇದು. ಕೈಕಟ್ಟಿ ಎರಡೂ ಮೊಣಕೈಗಳನ್ನು ಹಿಡಿದುಕೊಂಡಾಗ ಅವುಗಳ ನಡುವೆ ಎಷ್ಟು ಅಂತರವಿರುತ್ತದೆಯೋ ಅಷ್ಟೇ ಅಂತರದಲ್ಲಿ ಮೊಣಕೈಗಳನ್ನು ಮಡಿಸಿದ ಕಂಬಳಿಯ ಮೇಲೆ ಊರಬೇಕು, ಬೆರಳುಗಳನ್ನು ಹೆಣೆಯಬೇಕು. ತಲೆಯನ್ನು ನೆಲಕ್ಕೆ ತಾಗಿಸದೆ ಸೊಂಟ ಮೇಲೆತ್ತಿ, ಮುಂಗೈಗಳ ಮೇಲೆ ಭಾರ ಹಾಕಿ, ಹೆಗಲನ್ನು ಕಿವಿಯಿಂದ ದೂರ ಎತ್ತಿ ಹಿಡಿಯಬೇಕು. ಇಷ್ಟನ್ನೇ ವಾರಗಟ್ಟಲೆ ಮಾಡಿಸುತ್ತೇನೆ. ಬೇಸರ ಪಡುವವರು ಬೇರೆ ತರಗತಿ ಹುಡುಕಿಕೊಳ್ಳುತ್ತಾರೆ, ನನಗೇನೂ ದುಃಖವಿಲ್ಲ. ಈ ಸ್ಥಿತಿಯಲ್ಲಿ ಹೆಗಲು ಕುಸಿಯದೆ, ಮಾತನಾಡುವಷ್ಟು ಸರಾಗವಾಗಿ ಉಸಿರಾಡಲು ಬಂದರೆ ಮಾತ್ರ ನೆತ್ತಿ ಊರುವುದು. ಆಮೇಲೆ ಮಂಡಿ ಮಡಿಸಿ, ಒಂದೊಂದೇ ಹೆಜ್ಜೆ ಒಳಗೆ ತಂದು, ಪಾದ ತಾನಾಗಿ ಹಗುರಾದಾಗ ಎತ್ತುವುದು. ಇಳಿಯುವುದೂ ಮಂಡಿ ಮಡಿಸಿಯೇ. ಇಳಿದ ತಕ್ಷಣ ಎದ್ದು ನಿಂತರೆ ತಲೆ ಸುತ್ತಬಹುದು, ಹಣೆಯನ್ನು ನೆಲಕ್ಕಿಟ್ಟು ಸ್ವಲ್ಪ ಹೊತ್ತು ಬಾಲಾಸನದಲ್ಲಿರಿ.

ಹೆಗಲ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನ ಸುಲಭ ಎಂದು ಎಲ್ಲರೂ ಅದಕ್ಕೆ ಕೈಹಾಕುತ್ತಾರೆ. ಅಲ್ಲಿ ಕತ್ತು ಇನ್ನೂ ಹೆಚ್ಚು ಬಾಗುತ್ತದೆ. ಹೆಗಲ ಕೆಳಗೆ ಮೂರು ನಾಲ್ಕು ಕಂಬಳಿಗಳನ್ನು ಮಡಿಸಿಟ್ಟು, ತಲೆ ಅವುಗಳ ಅಂಚಿನಿಂದಾಚೆ ನೆಲದ ಮೇಲಿರುವಂತೆ ಮಲಗಿದರೆ ಕತ್ತಿಗೆ ಬಿಡುವು ಸಿಗುತ್ತದೆ. ಕಾಲು ಮೇಲಿರುವಾಗ ಯಾರು ಕರೆದರೂ ತಲೆ ತಿರುಗಿಸಬೇಡಿ.

ಆಸರೆ ಹಿಡಿಯುವುದನ್ನು ಹಗುರವಾಗಿ ಕಾಣಬೇಡಿ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಕಲಿಸಿದ ಊರು ನಮ್ಮದು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಕಂಬಳಿ, ಕುರ್ಚಿ, ಗೋಡೆಯ ಹಗ್ಗಗಳನ್ನು ಅಭ್ಯಾಸದ ಭಾಗವಾಗಿಸಿದವರು. ಹಗ್ಗದಲ್ಲಿ ತಲೆ ಗಾಳಿಯಲ್ಲಿ ತೂಗುತ್ತದೆ, ಕತ್ತಿಗೆ ಭಾರವೇ ಇಲ್ಲ. ಆದರೆ ಬಿಪಿ, ಕಣ್ಣು ಎರಡಕ್ಕೂ ಅದು ಶೀರ್ಷಾಸನದಂತೆಯೇ ತಲೆಕೆಳಗಾದ ಸ್ಥಿತಿ. ಆ ವಿಷಯ ತಿಳಿದವರು ಹೇಳಲಿ.

ಮಂಗಳೂರಿನಿಂದ, ಕಣ್ಣಿನ ತಪಾಸಣೆ ಮಾಡುವವರು

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ನಿಂತದ್ದು ಮೈನಸ್ ಏಳರ ಮೇಲೆ. ಮೈನಸ್ ಆರು ದಾಟಿದರೆ ನಾವು ಅದನ್ನು ತೀವ್ರ ಸಮೀಪದೃಷ್ಟಿ ಎನ್ನುತ್ತೇವೆ. ಅಂಥವರ ಕಣ್ಣುಗುಡ್ಡೆ ಉದ್ದ, ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ, ರೆಟಿನಾ) ಅಂಚು ತೆಳು, ಹರಿಯುವ ಅಪಾಯ ಉಳಿದವರಿಗಿಂತ ಹೆಚ್ಚು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆಯ ಸಾಧ್ಯತೆಯೂ ಹೆಚ್ಚು.

ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಚೆನ್ನೈನ ಕಣ್ಣಿನ ತಜ್ಞರು 75 ಮಂದಿ ಯೋಗಾಭ್ಯಾಸಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೀರ್ಷಾಸನದ ಹೊತ್ತಿಗೆ ಅದು ಸುಮಾರು ಎರಡು ಪಟ್ಟಾಯಿತು. ಆರೋಗ್ಯವಂತ ಕಣ್ಣು ಸ್ವಲ್ಪ ಹೊತ್ತು ಇದನ್ನು ತಾಳಿಕೊಳ್ಳುತ್ತದೆ. ಗ್ಲಾಕೋಮಾ ಇರುವ ಕಣ್ಣಿನ ನರಕ್ಕೆ ದಿನಾ ಈ ಏಟು ಬೇಡ. ಶೀರ್ಷಾಸನ ಬಿಟ್ಟರೆ ಸಾಕು ಎಂದುಕೊಳ್ಳಬೇಡಿ. 2015ರ ಇನ್ನೊಂದು ಅಧ್ಯಯನದಲ್ಲಿ ಅಧೋಮುಖ ಶ್ವಾನಾಸನ (ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವುದು), ಉತ್ತಾನಾಸನ (ನಿಂತು ಮುಂದಕ್ಕೆ ಬಾಗುವುದು), ಹಲಾಸನ (ಮಲಗಿ ಕಾಲನ್ನು ತಲೆಯ ಹಿಂದಕ್ಕೆ ಚಾಚುವುದು), ವಿಪರೀತ ಕರಣಿ (ಮಲಗಿ ಕಾಲು ಮೇಲೆತ್ತುವುದು) ನಾಲ್ಕರಲ್ಲೂ ಒತ್ತಡ ಏರಿತು, ಎಲ್ಲಕ್ಕಿಂತ ಹೆಚ್ಚು ಏರಿದ್ದು ಅಧೋಮುಖ ಶ್ವಾನಾಸನದಲ್ಲಿ. ಅದು ನಿಮ್ಮ ಸೂರ್ಯನಮಸ್ಕಾರದಲ್ಲೇ ಇದೆ!

ಗ್ಲಾಕೋಮಾ ಆರಂಭದಲ್ಲಿ ನೋಯುವುದಿಲ್ಲ, ಆದ್ದರಿಂದ "ನನಗೇನೂ ಆಗುತ್ತಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಒತ್ತಡ ಅಳೆಸಿ, ಹನಿ ಹಾಕಿಸಿಕೊಂಡು ಅಕ್ಷಿಪಟಲ ಪರೀಕ್ಷಿಸಿಕೊಳ್ಳಿ. ಕಣ್ಣ ಮುಂದೆ ಮಿಂಚು, ತೇಲುವ ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಬದಿಯಿಂದ ಪರದೆ ಇಳಿದಂತೆ ಮಬ್ಬು ಕಂಡರೆ ಅದೇ ದಿನ ಆಸ್ಪತ್ರೆಗೆ.

ಶಿವಮೊಗ್ಗದಿಂದ, ನಿವೃತ್ತ ಉಪನ್ಯಾಸಕರು

ಶೀರ್ಷಾಸನವನ್ನು ಹಲವು ವರ್ಷ ಪ್ರೀತಿಯಿಂದ ಮಾಡಿದೆ. ಇಳಿದ ಮೇಲೆ ಮನಸ್ಸಿಗೆ ಸಿಗುವ ಹುರುಪು ಸುಳ್ಳಲ್ಲ. ಅರವತ್ತರ ಆಸುಪಾಸಿನಲ್ಲಿ ಎಡಗೈ ಬೆರಳುಗಳು ಜುಮ್ಮೆನ್ನತೊಡಗಿದವು. ಎಂಆರ್‌ಐಯಲ್ಲಿ ಕತ್ತಿನ ಮೂಳೆಗಳ ಸವೆತ ಕಂಡಿತು. ಆಸನದಿಂದಲೇ ಬಂತು ಎಂದು ವೈದ್ಯರು ಹೇಳಲಿಲ್ಲ, ಈ ವಯಸ್ಸಿಗೆ ಬಹುಮಂದಿಗೆ ಇರುತ್ತದಂತೆ. ಆದರೆ ಇನ್ನು ಭಾರ ಹಾಕಬೇಡಿ ಎಂದರು, ಬಿಟ್ಟೆ. ಈಗ ಸಂಜೆ ಗೋಡೆಗೆ ಕಾಲು ಚಾಚಿ ಮಲಗುತ್ತೇನೆ. ಪಾದದ ಬಾವು ಇಳಿಯುತ್ತದೆ, ನಿದ್ದೆ ಬೇಗ ಬರುತ್ತದೆ. ನನಗೆ ಬೇಕಾಗಿದ್ದುದರಲ್ಲಿ ಮುಕ್ಕಾಲು ಪಾಲು ಇದರಲ್ಲೇ ಸಿಕ್ಕಿದೆ.

ಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯೇ ವಿಪರೀತ ಕರಣಿಯ ಬಗ್ಗೆ ಮೊದಲ ದಿನ ಕ್ಷಣಕಾಲ ಮಾತ್ರ ಎನ್ನುತ್ತದೆ. ಆರು ತಿಂಗಳಲ್ಲಿ ಸುಕ್ಕು, ನರೆ ಮಾಯವಾಗುತ್ತವೆ ಎಂದೂ ಅಲ್ಲೇ ಇದೆ. ನನ್ನ ತಲೆ ನೋಡಿದವರು ಅದನ್ನು ನಂಬುವುದಿಲ್ಲ.

ಬೆಂಗಳೂರಿನಿಂದ, ವೈದ್ಯೆ

ಕೂದಲು, ಥೈರಾಯ್ಡ್ ಎರಡಕ್ಕೂ ಇದು ಚಿಕಿತ್ಸೆಯಲ್ಲ. ಯಾರೇ ಹೇಳಿದರೂ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಮಿದುಳಿಗೆ ರಕ್ತ ನುಗ್ಗಿ ಬುದ್ಧಿ ಚುರುಕಾಗುತ್ತದೆ ಎಂಬುದೂ ಅಷ್ಟೇ: ಮಿದುಳು ತನಗೆ ಬೇಕಾದ ರಕ್ತದ ಹರಿವನ್ನು ಹೆಚ್ಚುಕಡಿಮೆ ಸಮನಾಗಿ ಕಾಯ್ದುಕೊಳ್ಳುತ್ತದೆ. ಮುಖ ಕೆಂಪಾಗುವುದು ತಲೆಯಿಂದ ಕೆಳಗಿಳಿಯಬೇಕಾದ ರಕ್ತ ಅಲ್ಲೇ ತುಂಬಿಕೊಳ್ಳುವುದರಿಂದ.

ಬಿಪಿ ಹತೋಟಿಯಲ್ಲಿಲ್ಲದಿದ್ದರೆ ಶೀರ್ಷಾಸನ ಬೇಡವೇ ಬೇಡ. ಹತೋಟಿಯಲ್ಲಿದ್ದರೂ ನಿಮ್ಮ ವೈದ್ಯರನ್ನು ಕೇಳಿ. ಎದೆಯುರಿ, ಮೂಳೆ ಸವಕಳಿ, ಗರ್ಭಾವಸ್ಥೆ ಇರುವವರೂ ದೂರವಿರಲಿ. ಮುಟ್ಟಿನ ದಿನಗಳಲ್ಲಿ ಬೇಡ ಎನ್ನುವುದು ಸಂಪ್ರದಾಯ, ಹಾನಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮೈ ಒಲ್ಲೆ ಎಂದರೆ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕಣ್ಣಿನ ತಪಾಸಣೆಗೆ ಸಮಯ ಕೇಳಿದ್ದೇನೆ. ಅಲ್ಲಿಯವರೆಗೆ ಉಪನ್ಯಾಸಕರು ಹೇಳಿದಂತೆ ಗೋಡೆಗೆ ಕಾಲು ಚಾಚಿದರೆ, ಸೊಂಟದ ಕೆಳಗೆ ದಿಂಬು ಇಡಬೇಕೇ?

ಮೈಸೂರಿನಿಂದ, ಯೋಗ ಕಲಿಸುವವರು

ವರದಿ ಬರುವವರೆಗೆ ದಿಂಬು ಬೇಡ. ಬೆನ್ನು, ತಲೆ, ಸೊಂಟ ಒಂದೇ ಮಟ್ಟದಲ್ಲಿರಲಿ, ಕಾಲು ಮಾತ್ರ ಮೇಲೆ. ತಲೆಯ ಕೆಳಗೆ ತೆಳುವಾದ ಮಡಿಸಿದ ಬಟ್ಟೆ ಇಟ್ಟುಕೊಳ್ಳಬಹುದು. ತರಗತಿಯಲ್ಲಿ ಅಧೋಮುಖ ಶ್ವಾನಾಸನ ಬಂದಾಗ ನೆಲಕ್ಕೆ ಬಾಗದೆ ಗೋಡೆಗೆ ಅಂಗೈ ಊರಿ, ತಲೆ ಸೊಂಟದಷ್ಟೇ ಎತ್ತರದಲ್ಲಿರುವಂತೆ ನಿಲ್ಲಿ. ನಿಮ್ಮ ಗುರುಗಳಿಗೆ ಬಿಪಿ, ಕನ್ನಡಕದ ವಿಷಯವನ್ನು ನಾಳೆಯೇ ತಿಳಿಸಿ.